ಮಾವನ ಮೊದಲ ಲೋಟ

ನಮ್ಮ ಮಾವ ಬೈಯುವುದನ್ನು ನಾನು ಮೊದಲು ಕೇಳಿದ್ದು ಮದುವೆಯಾಗಿ ಈ ಮನೆಗೆ ಬಂದ ಎರಡನೇ ದಿನ. ಕೈಯಲ್ಲಿದ್ದ ತಟ್ಟೆ ಜಾರಿ ಬಿತ್ತು. ನನ್ನನ್ನೇ ಬೈಯುತ್ತಿದ್ದಾರೆ ಅಂದುಕೊಂಡು ಅಡುಗೆಮನೆಯ ಬಾಗಿಲ ಹಿಂದೆ ಸರಿದು ನಿಂತೆ. ಅತ್ತೆ ತಲೆಯನ್ನೂ ಎತ್ತದೆ ಈರುಳ್ಳಿ ಹೆಚ್ಚುತ್ತ, "ನಿನ್ನನ್ನಲ್ಲ ಕಣೇ, ಎದುರುಮನೆ ಸೂರನ್ನ ಬೈತಿದ್ದಾರೆ" ಅಂದರು. ಕಿಟಕಿಯಿಂದ ನೋಡಿದರೆ ನಿಜವೇ. ಬೀದಿಯ ನಡುವೆ ನಿಂತು, ಒಂದು ನರಪಿಳ್ಳೆಯೂ ಇಲ್ಲದ ಕಡೆಗೆ ಬೆರಳು ಚಾಚಿ, "ಯಾವ ಕತ್ತೆ ಕಟ್ಟಿದ್ದು ಇದನ್ನ? ನೀರು ಹಿಂದಕ್ಕೆ ಹೋಗ್ತಿದೆ, ಹಿಂದಕ್ಕೆ!" ಎಂದು ಕೂಗುತ್ತಿದ್ದರು.

ಮಾವನ ಕಸುಬು ಸೂರಿಗೆ ದೋಣಿ ಕಟ್ಟುವುದು. ಚಾವಣಿಯ ಅಂಚಿಗೆ ಉದ್ದಕ್ಕೂ ಕೂತು, ಮೇಲಿಂದ ಇಳಿಯುವ ಮಳೆನೀರನ್ನೆಲ್ಲ ಹಿಡಿದು ಮೂಲೆಯ ಕೊಳವೆಗೆ ಒಪ್ಪಿಸುತ್ತದಲ್ಲ, ಆ ತಗಡಿನ ದೋಣಿ. ಅದು ಸರಿಯಾಗಿದ್ದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಕೆಟ್ಟರೆ ಗೋಡೆಗೆ ಪಾಚಿ, ಪಾಯಕ್ಕೆ ನೀರು, ಬಾಗಿಲಲ್ಲಿ ನಿಂತವರ ಕುತ್ತಿಗೆಯೊಳಗೆ ತಣ್ಣನೆಯ ಧಾರೆ. ಸುತ್ತಮುತ್ತ ಅವರಿಗೆ ದೋಣಿ ಮೇಸ್ತ್ರಿ ಎಂದೇ ಹೆಸರು.

ಅವರದು ಒಂದು ವಿಚಿತ್ರ ಕ್ರಮವಿತ್ತು. ಮಳೆ ಬಾರದೆ ಅಳತೆ ಇಲ್ಲ. ಯಾರಾದರೂ ಬಂದು ನಮ್ಮ ಕಟ್ಟಡಕ್ಕೆ ಎಂಥ ದೋಣಿ ಬೇಕು ಎಂದು ಕೇಳಿದರೆ, "ಮಳೆ ಬರ್ಲಿ, ಹೇಳ್ತೀನಿ" ಎಂದು ಕಳಿಸಿಬಿಡುತ್ತಿದ್ದರು. ಮಳೆ ಬಂದ ದಿನ ಕೊಡೆ ಹಿಡಿದು, ಮೂರು ಕಾಲಿನ ಸ್ಟೂಲು ಹೊತ್ತು, ಆ ಕಟ್ಟಡದ ಎದುರು ಹೋಗಿ ಕೂತರೆಂದರೆ ಒಂದು ಗಂಟೆ ಅಲ್ಲಾಡುತ್ತಿರಲಿಲ್ಲ. ಚಾವಣಿಯ ಯಾವ ಮಗ್ಗುಲಿನಿಂದ ನೀರು ಹೆಚ್ಚು ಬೀಳುತ್ತದೆ, ಗಾಳಿ ಅದನ್ನು ಎಲ್ಲಿಗೆ ತಳ್ಳುತ್ತದೆ, ಎರಡು ಚಾವಣಿ ಕೂಡುವ ಮೂಲೆಯಲ್ಲಿ ಎಷ್ಟು ಜೋರಾಗಿ ನುಗ್ಗುತ್ತದೆ, ಎಲ್ಲ ನೋಡಿಕೊಂಡು ಬಂದು, ತಾವು ಬೆಸುಗೆ ಹಾಕುವ ಹಿತ್ತಿಲ ಕೊಟ್ಟಿಗೆಯ ಗೋಡೆಯ ಮೇಲೆ ಮನೆಯವರ ಹೆಸರಿನೊಂದಿಗೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದರು. ದೋಣಿ ಇಷ್ಟು ಅಗಲ, ಇಳಿಕೊಳವೆ ಇಷ್ಟು, ವಾಟ ಈ ಕಡೆಗೆ. ನೀರು ತಾನಾಗಿ ಹರಿಯಲು ಕೊಡುವ ಆ ಸಣ್ಣ ಇಳಿಜಾರಿಗೆ ಅವರು ವಾಟ ಎನ್ನುತ್ತಿದ್ದರು. ಮನುಷ್ಯರ ತಪ್ಪನ್ನಾದರೂ ಕ್ಷಮಿಸುತ್ತಿದ್ದರೇನೋ, ವಾಟದ ತಪ್ಪನ್ನು ಕ್ಷಮಿಸಿದ್ದು ನಾನು ಕಂಡಿಲ್ಲ.

ಇನ್ನೊಂದು ಕ್ರಮ ಅವರೇ ಹುಟ್ಟುಹಾಕಿದ್ದು. ದೋಣಿ ಕಟ್ಟಿದ ಮೇಲೆ ಮೊದಲ ಮಳೆಗೆ ತಾವೇ ಹೋಗಿ, ಚೀಲದಿಂದ ಸ್ಟೀಲಿನ ಲೋಟ ತೆಗೆದು, ಕೊಳವೆಯ ಬಾಯಿಗೆ ಹಿಡಿದು, ಮನೆಯವರ ಎದುರಿಗೇ ಗಟಗಟ ಕುಡಿಯುತ್ತಿದ್ದರು. "ಕಟ್ಟಿದವನೇ ಕುಡೀದ ನೀರನ್ನ ಇನ್ನೊಬ್ಬರು ಯಾಕೆ ಕುಡೀಬೇಕು?" ಎನ್ನುವುದು ಅವರ ಮಾತು. ಇದು ದೊಡ್ಡ ಹೆಸರು ತಂದುಕೊಟ್ಟಿತು. ಮೇಸ್ತ್ರಿ ಕುಡಿದ ಮೇಲೆ ಇನ್ನೇನು ಎಂದು ಹಲವರು ತೊಟ್ಟಿ ಕಟ್ಟಿಸಿಕೊಂಡು ಆ ನೀರನ್ನೇ ಕುಡಿಯತೊಡಗಿದರು. ನಮ್ಮ ಮನೆಯಲ್ಲಂತೂ ಬೇರೆ ನೀರು ಒಳಗೆ ಬರುತ್ತಿರಲಿಲ್ಲ.

ನನ್ನ ಮಗಳಿಗೆ ಈಗ ನಾಲ್ಕು ತುಂಬಿದೆ. ಹುಟ್ಟಿದಾಗ ಅಷ್ಟೇ ಅಷ್ಟಿದ್ದಳು ಎಂದು ಮಾವ ಅವಳನ್ನು ಜೀರಿಗೆ ಎಂದು ಕರೆದರು, ಅದೇ ಉಳಿಯಿತು. ಮೂರು ತಿಂಗಳ ಕೂಸಾಗಿದ್ದಾಗ ಒಂದು ಮಧ್ಯಾಹ್ನ ಮಳೆ ಸುರಿದು, ತಗಡಿನ ದೋಣಿ ಢಣಢಣ ಬಾರಿಸಿ, ಮಲಗಿದ್ದ ಮಗು ಬೆಚ್ಚಿಬಿದ್ದು ಅಳತೊಡಗಿತು. ಮಾರನೇ ದಿನವೇ ಮಾವ ಏಣಿ ಹಾಕಿದರು. ಸೀಸದ ತೆಳು ಹಾಳೆ ತಂದು, ಆ ಕೋಣೆಯ ಮೇಲಿನ ದೋಣಿಯ ಒಳಗೆಲ್ಲ ಹಾಸಿ, ಬೆಸುಗೆ ಹಾಕಿ ಕೂರಿಸಿದರು. ಸೀಸ ಮೆತ್ತಗೆ, ಸದ್ದು ನುಂಗುತ್ತದೆ. "ಈಗ ಆಕಾಶವೇ ಬಿದ್ರೂ ನನ್ನ ಜೀರಿಗೆ ಏಳಲ್ಲ" ಎಂದು ಕೆಳಗಿಳಿದು ಬಂದಾಗ ಅವರ ಮುಖದಲ್ಲಿದ್ದ ಹಿಗ್ಗು ನನಗಿನ್ನೂ ಕಣ್ಣಿಗೆ ಕಟ್ಟಿದೆ. ನಾನು ಖುಷಿಯಿಂದ ಅವರಿಗೆ ಕಾಫಿ ಮಾಡಿಕೊಟ್ಟೆ. ಆ ತೊಟ್ಟಿಯದೇ ನೀರಿನಲ್ಲಿ.

ಬಡಕಲು ಮೈ, ಬಿರುಸು ಮಾತು, ನಡುಗುವ ಕೈ. ಮಾವ ಎಂದರೆ ನಮಗೆ ಇಷ್ಟು. ಏಣಿಯ ಮೇಲೆ ಎರಡೂ ಕೈ ಬೇಕೆಂದು ಬೆಸುಗೆ ಕಡ್ಡಿಯನ್ನು ಬೀಡಿಯಂತೆ ಹಲ್ಲಲ್ಲಿ ಕಚ್ಚಿಕೊಂಡಿರುತ್ತಿದ್ದರು. ಕಾಫಿ ಲೋಟ ಎತ್ತಿದರೆ ಅದು ಬಟ್ಟಲಿಗೆ ಬಡಿದು ಕಿಣಿಕಿಣಿ ಎನ್ನುತ್ತಿತ್ತು. ನನ್ನ ಗಂಡ ಅದಕ್ಕೆ "ಅಪ್ಪನ ತಾಳ" ಎಂದು ಹೆಸರಿಟ್ಟಿದ್ದರು. ಮೊಳೆ ತರಲು ಹೋಗಿ ಬದನೆಕಾಯಿ ತಂದ ಕತೆ ನಮ್ಮ ಮನೆಯಲ್ಲಿ ನೂರು ಸಲ ಹೇಳಿದ್ದು. ಹೊಟ್ಟೆ ಹಿಡಿದುಕೊಂಡು ಕೂತರೆ "ಗ್ಯಾಸು" ಎನ್ನುತ್ತಿದ್ದರು. ಇನ್ನು ಸಿಟ್ಟು! ನನ್ನ ಗಂಡ ಹದಿನೆಂಟನೇ ವಯಸ್ಸಿನಲ್ಲಿ ಮೂರೇ ದಿನ ಅಪ್ಪನ ಕೈಕೆಳಗೆ ದುಡಿದು, ನಾಲ್ಕನೇ ದಿನ ಸುತ್ತಿಗೆ ಕಿವಿಯ ಪಕ್ಕದಲ್ಲೇ ಹಾರಿಹೋದ ಮೇಲೆ ಆ ಕಡೆ ತಲೆ ಹಾಕಲಿಲ್ಲ. ಬಸ್ಸು ಓಡಿಸುವ ಕೆಲಸ ಹಿಡಿದರು. ಅತ್ತೆ ಒಬ್ಬರೇ ಆಗಾಗ, "ಮದುವೆಯಾದ ಹೊಸದರಲ್ಲಿ ಹೀಗಿರ್ಲಿಲ್ಲ ಇವರು, ಎಷ್ಟು ಮೆತ್ತಗಿದ್ರು ಗೊತ್ತಾ" ಎನ್ನುತ್ತಿದ್ದರು. ಯಾವ ಹೆಂಡತಿ ಹಾಗೆನ್ನುವುದಿಲ್ಲ ಹೇಳಿ? ನಾವು ನಗುತ್ತಿದ್ದೆವು.

ಜೀರಿಗೆಯೂ ಈಚೆಗೆ ಅಜ್ಜನದೇ ಪಡಿಯಚ್ಚು ಎಂದು ನಗುತ್ತಿದ್ದೆವು. ಊಟ ಬೇಡ, ಹೊಟ್ಟೆನೋವು, ಎತ್ತಿಕೊಂಡರೆ ಕೋಪ, ಇಳಿಸಿದರೆ ಕೋಪ. ತಟ್ಟೆ ಎಸೆದಾಗ ಅತ್ತೆ, "ಅಜ್ಜನ ಮೂಗು, ಅಜ್ಜನ ಸಿಟ್ಟು. ಎರಡೂ ತಪ್ಪದೆ ಬಂದಿದೆ" ಎಂದು ಮುದ್ದು ಮಾಡುತ್ತಿದ್ದರು.

ನಾನು ಶಾಲೆಯೊಂದರ ಆಫೀಸಿನಲ್ಲಿ ಗುಮಾಸ್ತೆ. ನಮ್ಮಲ್ಲಿ ಹೊಸ ಕಟ್ಟಡ ಎದ್ದಿತ್ತು. ಚಾವಣಿಯ ನೀರನ್ನು ತೊಟ್ಟಿಗೆ ತುಂಬಿ ಮಕ್ಕಳಿಗೆ ಕುಡಿಯಲು ಕೊಡುವುದು ಎಂದು ತೀರ್ಮಾನವಾಗಿತ್ತು. ಎಂಥ ದೋಣಿ ಹಾಕಬೇಕು ಎನ್ನುವುದೊಂದು ಬಾಕಿ. ಹೆಡ್‌ಮಿಸ್ ಮೊದಲೇ ನನ್ನನ್ನು ಕರೆದು, "ನಿಮ್ಮ ಮಾವ ಇದ್ದಾರಲ್ಲ, ಇನ್ನೇನು ಯೋಚನೆ" ಎಂದಿದ್ದರು. ಮಾವ ಆಗಲೇ ಎರಡು ಮಳೆ ಶಾಲೆಯ ಎದುರು ಸ್ಟೂಲು ಹಾಕಿ ಕೂತು ಬಂದಿದ್ದರು.

ಸಭೆಯ ದಿನ ಕಟ್ಟಡದ ಎಂಜಿನಿಯರ್ ಬಂದಿದ್ದಳು. ಇನ್ನೂ ಮೂವತ್ತು ದಾಟದ ಹುಡುಗಿ, ಮೆಲುದನಿ. ಮಾವ ಅಗಲ, ವಾಟ, ಕೊಳವೆಗಳ ಲೆಕ್ಕವೆಲ್ಲ ಹೇಳಿದಾಗ ಅವಳು ತನ್ನ ಕಾಗದ ನೋಡಿಕೊಂಡು ಬೆರಗಾದಳು. "ಸಾರ್, ನಾನು ಎರಡು ದಿನ ಕೂತು ಹಾಕಿದ ಲೆಕ್ಕ ಇದು. ನೀವು ಬರೀ ನೋಡಿ ಹೇಳ್ತಿದ್ದೀರಲ್ಲ!" ಎಂದಳು. ಮಾವ ಉಬ್ಬಿದರು. ಆಮೇಲೆ ಅವಳು ಕೇಳಿದಳು:

"ಜೋಡಣೆಗೆ ಏನು ಹಾಕ್ತೀರಿ?"

"ಬೆಸುಗೆ. ಅರ್ಧ ತವರ, ಅರ್ಧ ಸೀಸ. ಮೂಲೆಗೆ ಸೀಸದ ಹಾಳೆ. ನಲವತ್ತು ವರ್ಷ ಆಯ್ತು, ಒಂದು ಹನಿ ಸೋರಿಲ್ಲ."

"ಕುಡಿಯೋ ನೀರಿಗೆ ಸೀಸ ಬೇಡ ಸಾರ್. ಮಳೆನೀರು ಸೀಸಾನ ಬೇಗ ಕರಗಿಸ್ಕೊಳ್ಳುತ್ತೆ. ಲೇಪ ಇರೋ ಅಲ್ಯೂಮಿನಿಯಂ ದೋಣಿ ಬರುತ್ತೆ, ಜೋಡಣೆಗೆ ರಬ್ಬರ್ ಪಟ್ಟಿ..."

"ರಬ್ಬರಾ?" ಮಾವ ಎದ್ದು ನಿಂತರು. ಮೇಜಿನ ಮೇಲಿದ್ದ ಲೋಟಗಳು ಅಲುಗಿದವು. "ನಾನು ಮೊದಲ ಲೋಟ ಕುಡಿದು ತೋರಿಸೋನಮ್ಮಾ! ನನ್ನ ಮೊಮ್ಮಗಳು ಹುಟ್ಟಿದಾಗಿನಿಂದ ಅದೇ ನೀರು ಕುಡೀತಿದ್ದಾಳೆ! ತಗೊಂಡ್ಹೋಗು ನಮ್ಮನೆ ನೀರನ್ನ, ಪರೀಕ್ಷೆ ಮಾಡ್ಸು. ಅದು ಹಾಳಾಗಿದೆ ಅಂತ ತೋರಿಸ್ಬಿಡು, ಈ ಕಸುಬೇ ಬಿಡ್ತೀನಿ!"

ನನಗೆ ನಾಚಿಕೆಯಿಂದ ನೆಲ ಬಿರಿಯಬಾರದೇ ಎನಿಸಿತು. ಆದರೂ ಒಳಗೊಳಗೆ ಹೆಮ್ಮೆ. ಆ ಹುಡುಗಿಗೆ ಸರಿಯಾಗಿ ಆಯಿತು ಎಂದುಕೊಂಡೆ, ಸುಳ್ಳು ಯಾಕೆ ಹೇಳಲಿ. ಮರುದಿನ ಬಾಟಲಿಗೆ ನಮ್ಮ ತೊಟ್ಟಿಯ ನೀರು ತುಂಬಿ ಅವಳ ಕೈಗೆ ಕೊಟ್ಟವಳು ನಾನೇ.

ಹತ್ತು ದಿನದ ಮೇಲೆ ಅವಳು ಆಫೀಸಿಗೆ ಬಂದಳು. ಸಭೆಗೆ ಕಾಯಲಿಲ್ಲ. ನನ್ನ ಮೇಜಿನ ಮೇಲೆ ಒಂದು ಹಾಳೆ ಇಟ್ಟು, ಒಂದು ಸಾಲಿನ ಮೇಲೆ ಬೆರಳಿಟ್ಟಳು. ಸೀಸ ಇರಬಹುದಾದ ಮಿತಿ ಒಂದು ಕಡೆ, ನಮ್ಮ ನೀರಿನಲ್ಲಿ ಇದ್ದದ್ದು ಇನ್ನೊಂದು ಕಡೆ. ಅಚ್ಚಿನ ತಪ್ಪು ಎಂದುಕೊಂಡೆ. "ದಶಾಂಶದ ಚುಕ್ಕಿ ಬಿಟ್ಟುಹೋಗಿದೆ ಅನ್ಸುತ್ತೆ" ಅಂದೆ.

"ಬಿಟ್ಟುಹೋಗಿಲ್ಲ ಮೇಡಂ. ಎರಡು ಸಲ ಮಾಡಿಸ್ದೆ" ಎಂದಳು. ಆಮೇಲೆ ಇನ್ನೂ ಮೆಲ್ಲಗೆ, "ಮಗೂನ ಇವತ್ತೇ ಡಾಕ್ಟರ ಹತ್ರ ಕರ್ಕೊಂಡ್ಹೋಗಿ" ಎಂದಳು.

ಮನೆಗೆ ಹೇಗೆ ಬಂದೆನೋ ತಿಳಿಯದು. ಒಳಗೆ ಕಾಲಿಟ್ಟಾಗ ಜೀರಿಗೆ ತನ್ನ ಪುಟ್ಟ ಲೋಟ ಹಿಡಿದು ನೀರು ಕುಡಿಯುತ್ತಿದ್ದಳು. ನಾನು ಕಿರುಚಿಕೊಂಡು ಅದನ್ನು ಕಿತ್ತೆಸೆದೆ. ಮಗು ದಿಗಿಲುಬಿದ್ದು ಅತ್ತಿತು. ಅಜ್ಜನೂ ಅಜ್ಜಿಯೂ ಓಡಿಬಂದರು. ಹಾಳೆಯನ್ನು ಮಾವನ ಕೈಗೆ ಕೊಟ್ಟೆ. ಅವರು ಓದಿದರು, ಕನ್ನಡಕ ಒರೆಸಿಕೊಂಡು ಮತ್ತೆ ಓದಿದರು. ಬೈಯುತ್ತಾರೆ, ಹಾಳೆ ಹರಿಯುತ್ತಾರೆ ಎಂದು ನಾನು ಕಾದೆ. ಅವರು ತಲೆ ಎತ್ತಿ ಜೀರಿಗೆಯ ಕೋಣೆಯ ಸೂರಿನ ಕಡೆ ನೋಡಿದರು. ಅಷ್ಟೇ.

ಮನೆಮಂದಿಗೆಲ್ಲ ರಕ್ತಪರೀಕ್ಷೆ ಆಯಿತು. ಫಲಿತಾಂಶ ಬರುವ ತನಕ ನಾಲ್ಕು ದಿನ ಮಾವ ಒಂದು ಕ್ಷಣವೂ ಮಗುವಿನ ಹತ್ತಿರ ಬರಲಿಲ್ಲ. ಅವಳು "ಅಜ್ಜಾ" ಎಂದು ಓಡಿಹೋದರೆ ಕೈ ಹಿಂದೆ ಕಟ್ಟಿಕೊಂಡು ಹಿತ್ತಿಲಿಗೆ ಹೋಗಿಬಿಡುತ್ತಿದ್ದರು. ನನಗೂ ಅವರ ಮೇಲೆ ಸಿಟ್ಟಿತ್ತು, ಇಲ್ಲ ಎನ್ನಲಾರೆ. ಅನ್ನ ಬಡಿಸುವಾಗ ಅವರ ಮುಖ ನೋಡಲಿಲ್ಲ.

ಡಾಕ್ಟರು ನಮ್ಮನ್ನೆಲ್ಲ ಕೂರಿಸಿಕೊಂಡು ಮೊದಲು ಮಗುವಿನ ಹಾಳೆ ತೆಗೆದರು. ಸೀಸ ಇರಬಾರದಷ್ಟು ಇದೆ, ಆದರೆ ಕೈ ಮೀರಿಲ್ಲ. ನೀರು ನಿಲ್ಲಿಸಿ, ಒಳ್ಳೆಯ ಊಟ, ಕಬ್ಬಿಣದ ಔಷಧಿ, ತಿಂಗಳಿಗೊಮ್ಮೆ ಪರೀಕ್ಷೆ. "ಚಿಕ್ಕ ವಯಸ್ಸು, ಬೇಗ ಗೊತ್ತಾಯ್ತು. ಇಳಿಯುತ್ತೆ" ಎಂದರು. ನಾನು ಅಲ್ಲೇ ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ. ಆಮೇಲೆ ಅವರು ಇನ್ನೊಂದು ಹಾಳೆ ಎತ್ತಿಕೊಂಡು ಮಾವನನ್ನೇ ನೋಡಿದರು.

"ನೀವು ಹೇಗೆ ಎದ್ದು ಓಡಾಡ್ತಿದ್ದೀರಿ?"

ನಾವು ಅದನ್ನು ಹೊಗಳಿಕೆ ಎಂದುಕೊಂಡೆವು. ಅಲ್ಲ. ಮಾವನ ರಕ್ತದಲ್ಲಿ ಮಗುವಿಗಿಂತ ಹತ್ತು ಪಟ್ಟು ಸೀಸವಿತ್ತು. ನೀರು ಒಂದು ಕಡೆ, ಮುಚ್ಚಿದ ಕೊಟ್ಟಿಗೆಯಲ್ಲಿ ಕುಡಿದ ಬೆಸುಗೆಯ ಹೊಗೆ ಒಂದು ಕಡೆ, ಹಲ್ಲಲ್ಲಿ ಕಚ್ಚಿದ ಕಡ್ಡಿ ಇನ್ನೊಂದು ಕಡೆ. ಡಾಕ್ಟರು ಒಂದೊಂದಾಗಿ ಕೇಳತೊಡಗಿದರು. ಕೈ ನಡುಗುತ್ತಾ? ನಡುಗುತ್ತೆ. ಹೊಟ್ಟೆನೋವು? ಇದೆ. ಮರೆವು? ನನ್ನ ಗಂಡ ಬದನೆಕಾಯಿಯ ಕತೆ ಹೇಳಲು ಬಾಯಿ ತೆರೆದು, ಅರ್ಧಕ್ಕೇ ಮುಚ್ಚಿಕೊಂಡರು. "ಸಿಟ್ಟು ಹೇಗೆ? ಸಣ್ಣಪುಟ್ಟದಕ್ಕೂ ರೇಗ್ತಾರಾ?"

ನಾವು ಯಾರನ್ನು ಮಾವ ಎಂದು ತಿಳಿದು ನಕ್ಕಿದ್ದೆವೋ, ಆ ಮನುಷ್ಯನನ್ನು ಡಾಕ್ಟರು ನಮ್ಮ ಕಣ್ಣೆದುರಿಗೇ ಒಂದು ರೋಗದ ಪಟ್ಟಿಯಾಗಿ ಓದುತ್ತಿದ್ದರು. ಅತ್ತೆ ಬಾಯಿಗೆ ಒತ್ತಿಕೊಂಡಿದ್ದ ಸೆರಗು ತೆಗೆದು ಕೊನೆಗೆ ಕೇಳಿದರು:

"ಹಾಗಾದ್ರೆ ಡಾಕ್ಟ್ರೇ, ನಲವತ್ತು ವರ್ಷ ನಾನು ಯಾರ ಜೊತೆ ಸಂಸಾರ ಮಾಡ್ದೆ?"

ಡಾಕ್ಟರು, ಎಷ್ಟು ಸೀಸದ್ದು, ಎಷ್ಟು ಅವರದ್ದು ಎಂದು ಬಿಡಿಸಿ ಹೇಳಲಾಗುವುದಿಲ್ಲ, ಔಷಧಿ ಶುರುಮಾಡೋಣ, ನೋಡೋಣ ಎಂದರು. ನನ್ನ ಗಂಡ ಎದ್ದು ಹೊರಗೆ ಹೋದರು. ನಾನು ಹಿಂದೆಯೇ ಹೋದೆ. ಆಸ್ಪತ್ರೆಯ ಗೋಡೆಗೆ ಒರಗಿ, "ಆ ಸುತ್ತಿಗೆ ಅಪ್ಪ ಎಸೆದಿದ್ದಲ್ವೇನೋ" ಎಂದು ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಿದ್ದರು.

ಮನೆಗೆ ಬಂದ ಮೇಲೆ ಮಾವ ಏಣಿ ಹಾಕಿ ನಮ್ಮ ದೋಣಿಯನ್ನು ಕಿತ್ತರು. ಸಹಾಯಕ್ಕೆ ಹೋದ ಮಗನನ್ನು ಬೇಡವೆನ್ನಲಿಲ್ಲ. ಇಬ್ಬರೂ ಸೇರಿ ಕೆಲಸ ಮುಗಿಸಿದರು. ಮರುದಿನ ಮಾವ ಗೋಡೆಯ ಸೀಮೆಸುಣ್ಣದ ಬರಹದಿಂದ ಹನ್ನೊಂದು ಮನೆಗಳನ್ನು ಹುಡುಕಿ ತೆಗೆದರು. ಅವರ ದೋಣಿಯ ನೀರನ್ನು ಕುಡಿಯುವ ಮನೆಗಳು. "ನೀನು ಬಾಮ್ಮ ಜೊತೆಗೆ. ನನಗೆ ಸರಿಯಾಗಿ ಹೇಳೋಕೆ ಬರಲ್ಲ" ಎಂದರು. ಆದರೆ ಪ್ರತಿ ಬಾಗಿಲಲ್ಲೂ ತಾವೇ ಹೇಳಿದರು: "ನಾನು ಕಟ್ಟಿದ ದೋಣೀಲಿ ವಿಷ ಇದೆ. ಇವತ್ತಿಂದ ಆ ನೀರು ಕುಡೀಬೇಡಿ. ರಕ್ತಪರೀಕ್ಷೆ ಮಾಡಿಸ್ಕೊಳ್ಳಿ." ಒಬ್ಬರು ಮುಖಕ್ಕೆ ಬಾಗಿಲು ಹಾಕಿದರು. ಒಬ್ಬರು ಬಾಯಿಗೆ ಬಂದಂತೆ ಬೈದರು, ಮಾವ ತಲೆ ತಗ್ಗಿಸಿ ಕೇಳಿಸಿಕೊಂಡರು. ಏಳನೇ ಮನೆಯ ಮುದುಕಿಯೊಬ್ಬಳು ಸಿಟ್ಟಾಗಲಿಲ್ಲ. ಅವರ ಮುಖವನ್ನೇ ನೋಡುತ್ತ, "ಮೊದಲ ಲೋಟ ನೀನೇ ಕುಡಿದಿದ್ದೆಯಲ್ಲಪ್ಪಾ" ಎಂದಳು. ಆ ಮನೆಯಿಂದ ಹೊರಬಂದ ಮೇಲೆ ಮಾವ ರಸ್ತೆ ಬದಿಯ ಕಲ್ಲಿನ ಮೇಲೆ ಕೂತುಬಿಟ್ಟರು. ನನ್ನ ಸಿಟ್ಟು ಅಲ್ಲಿಗೆ ಮುಗಿಯಿತು. ಪಕ್ಕದಲ್ಲಿ ಕೂತು ಅವರ ಕೈ ಹಿಡಿದುಕೊಂಡೆ. ಇನ್ನೂ ನಾಲ್ಕು ಮನೆ ಉಳಿದಿದ್ದವು.

ಆಮೇಲಿನ ಮೂರು ತಿಂಗಳು ನಮ್ಮ ಮನೆ ನಮ್ಮ ಮನೆಯಂತಿರಲಿಲ್ಲ. ಔಷಧಿ ಹೊಟ್ಟೆಗೆ ಹೋಗುತ್ತಿತ್ತು, ಮಾವ ಮೂಲೆಯ ಕುರ್ಚಿಯಲ್ಲಿ ಕೂತಿರುತ್ತಿದ್ದರು. ಹೊಟ್ಟೆನೋವು ಹೋಯಿತು. ಕಾಫಿ ಬಟ್ಟಲಿನ ತಾಳ ನಿಂತಿತು. ಸಿಟ್ಟೂ ನಿಂತಿತು. ಸಾರಿಗೆ ಉಪ್ಪು ಮರೆತರೆ "ಪರವಾಗಿಲ್ಲಮ್ಮ" ಎನ್ನುತ್ತಿದ್ದರು. ಎದುರುಮನೆಯ ಸೂರು ಸೋರಿದರೂ ಕಿಟಕಿಯಿಂದ ಮುಖ ತಿರುಗಿಸಿಕೊಳ್ಳುತ್ತಿದ್ದರು. ಜೀರಿಗೆಯ ರಕ್ತದಲ್ಲಿನ ಸೀಸ ತಿಂಗಳು ತಿಂಗಳಿಗೆ ಇಳಿಯುತ್ತಿತ್ತು, ಅವಳು ಊಟ ಮಾಡುತ್ತಿದ್ದಳು, ಅದೊಂದೇ ಸಮಾಧಾನ. ಇಷ್ಟು ಮೆತ್ತಗಿನ ಮಾವನನ್ನು ಕಂಡರೆ ನನಗೆ ಭಯವಾಗುತ್ತಿತ್ತು. ಅತ್ತೆಯಂತೂ ಪರವೂರಿನ ನೆಂಟರಿಗೆ ಬಡಿಸುವಂತೆ ಅವರಿಗೆ ಬಡಿಸುತ್ತಿದ್ದರು. ಒಂದು ದಿನ ಪಾತ್ರೆ ತೊಳೆಯುತ್ತ, "ನನ್ನ ಗಂಡ ಯಾವುದು ಅಂತಲೇ ಗೊತ್ತಾಗ್ತಿಲ್ಲ ಕಣೇ" ಎಂದರು.

ಶಾಲೆಗೆ ದೋಣಿ ಕೂರಿಸುವ ದಿನ ಎಂಜಿನಿಯರ್ ಹುಡುಗಿ ತಾನೇ ಮನೆಗೆ ಬಂದಳು. "ಸಾರ್, ಅಗಲ, ವಾಟ, ಕೊಳವೆ ಎಲ್ಲ ನೀವು ಹೇಳಿದ್ದೇ. ಸಾಮಾನು ಮಾತ್ರ ಬೇರೆ. ನೀವು ಬರದೆ ಶುರು ಮಾಡಲ್ಲ" ಎಂದಳು. ಕಸುಬು ಬಿಡುತ್ತೇನೆಂದು ಸಭೆಯಲ್ಲಿ ಆಡಿದ ಮಾತು ಅವರಿಗೆ ನೆನಪಿತ್ತು. "ನಾನು ಬಿಟ್ಟಾಯ್ತಮ್ಮ" ಎಂದರು. ಜೀರಿಗೆ ಅವರ ಬೆರಳು ಹಿಡಿದು ಎಳೆದಳು. ಅತ್ತೆಯೂ ಹೊರಟರು.

ಲೇಪ ಹಚ್ಚಿದ ಅಲ್ಯೂಮಿನಿಯಂ ದೋಣಿ, ಜೋಡಣೆಗೆ ರಬ್ಬರ್ ಪಟ್ಟಿ, ಎಲೆ ಹಿಡಿಯಲು ಜಾಲರಿ, ಮೊದಲ ಹತ್ತು ನಿಮಿಷದ ಕೊಳೆನೀರನ್ನು ಹೊರಗೆ ಬಿಡಲು ಒಂದು ನಲ್ಲಿ. ಮಾವ ಪ್ರತಿಯೊಂದನ್ನೂ ಮುಟ್ಟಿ ನೋಡಿ, ಕೊಟ್ಟ ಕುರ್ಚಿಯಲ್ಲಿ ಕೂತರು. ಫಿಟ್ಟರುಗಳಿಬ್ಬರು ಏಣಿ ಹತ್ತಿ ಮಧ್ಯಾಹ್ನದ ಹೊತ್ತಿಗೆ ಉದ್ದನೆಯ ಮಗ್ಗುಲು ಮುಗಿಸಿದರು. ಚಾವಣಿಯ ಮೇಲೆ ಒಂದು ಡ್ರಮ್ಮು ನೀರು ಸುರಿದು ನೋಡಿದರು. ನೀರು ದೋಣಿಯಲ್ಲಿ ಸ್ವಲ್ಪ ದೂರ ಹೋಗಿ, ನಿಂತು, ಮೆಲ್ಲಗೆ ಹಿಂದಕ್ಕೆ ಬಂತು.

ನಾನು ಮಾವನ ಕಡೆ ತಿರುಗುವುದರೊಳಗೆ ಕುರ್ಚಿ ಉರುಳಿತ್ತು.

"ಯಾವ ಕತ್ತೆ ಕಟ್ಟಿದ್ದು ಅದನ್ನ? ಹಿಂದಕ್ಕೆ ಬರ್ತಿದೆ ನೀರು, ಹಿಂದಕ್ಕೆ! ಕಣ್ಣು ಎಲ್ಲಿಟ್ಟಿದ್ದೀರಿ? ಇಳೀರಿ ಕೆಳಗೆ! ಇಳೀರಿ!"

ಮೇಲಿನ ಫಿಟ್ಟರು ಕೈಯಲ್ಲಿದ್ದ ತಿರುಪುಳಿ ಬೀಳಿಸಿದ. ತರಗತಿಯ ಕಿಟಕಿಗಳಲ್ಲೆಲ್ಲ ಮಕ್ಕಳ ತಲೆ ಮೂಡಿದವು. ಮತ್ತೆ ಶುರುವಾಯಿತೇ, ಅಷ್ಟು ಔಷಧಿ ನೀರುಪಾಲಾಯಿತೇ ಎಂದು ಅತ್ತೆಯನ್ನು ನೋಡಿದೆ. ಅತ್ತೆ ಮಾತ್ರ ಮಾವನ ಕೈಯನ್ನೇ ನೋಡುತ್ತಿದ್ದರು. ಬೈಯುತ್ತಲೇ ಮಾವ ಏಣಿಯ ನಾಲ್ಕು ಮೆಟ್ಟಿಲು ಹತ್ತಿ, ಗೋಡೆಯ ಮೇಲೆ ಸೀಮೆಸುಣ್ಣದಿಂದ ವಾಟದ ಗೆರೆ ಎಳೆಯುತ್ತಿದ್ದರು. ಮಾರುದ್ದದ ಗೆರೆ ದಾರ ಹಿಡಿದಂತೆ ನೆಟ್ಟಗಿತ್ತು.

ಅತ್ತೆಯ ಕಣ್ಣಲ್ಲಿ ನೀರು ತುಂಬಿ ಬಂತು, ಬಾಯಲ್ಲಿ ನಗು. ನನ್ನ ತೋಳು ಗಟ್ಟಿಯಾಗಿ ಹಿಡಿದುಕೊಂಡರು.

"ಕೈ ನಡುಗ್ತಿದ್ದದ್ದು ಸೀಸದ್ದು ಕಣೇ" ಎಂದರು. "ಬಾಯಿ ಮಾತ್ರ ಇವರದ್ದೇ."

ನಾಲ್ಕು ದಿನದ ಮೇಲೆ ಮಳೆ ಬಂತು. ಮಾವ ಸ್ಟೀಲಿನ ಲೋಟ ತೆಗೆದುಕೊಂಡು ಶಾಲೆಗೆ ನಡೆದರು. ಕೊಳೆನೀರು ಹೊರಗೆ ಹೋಗುವ ತನಕ ಕಾದು, ಲೋಟವನ್ನು ಕೊಳವೆಯ ಬಾಯಿಗೆ ಹಿಡಿದು, ಕಂಠದ ತನಕ ತುಂಬಿಸಿದರು. ಒಂದು ಹನಿಯೂ ತುಳುಕಲಿಲ್ಲ. ಜೀರಿಗೆ ಕೈ ಚಾಚಿದಳು. ಮಾವ ಲೋಟವನ್ನು ಅವಳಿಗೂ ಕೊಡಲಿಲ್ಲ, ತಾವೂ ಕುಡಿಯಲಿಲ್ಲ. ಎಂಜಿನಿಯರ್ ಹುಡುಗಿ ಹಿಡಿದು ನಿಂತಿದ್ದ ಪರೀಕ್ಷೆಯ ಬಾಟಲಿಗೆ ಅಷ್ಟನ್ನೂ ಸುರಿದು, "ಬೇಗ ತಗೊಂಡ್ಹೋಗಮ್ಮಾ, ನನಗೆ ಬಾಯಾರಿಕೆ" ಎಂದು ರೇಗಿದರು.